ಕಡಲಡಿಯಲ್ಲಿ ಪಕ್ಕದ ಸೀಟು

ಇಪ್ಪತ್ತೊಂಬತ್ತು ವರ್ಷ ಒಂದೇ ಮಾತು ಆಡಿದೆ:
ನಮ್ಮ ದ್ವೀಪದಿಂದ ಆಚೆ ದ್ವೀಪಕ್ಕೆ
ಕಡಲ ಕೆಳಗೊಂದು ದಾರಿ.
ಟೋರ್ಸ್‌ಹಾವ್ನ್ ಕಚೇರಿಯಲ್ಲಿ ನನ್ನ ಬೂಟಿನ ಸದ್ದಿಗೇ
ಗುಮಾಸ್ತರು ಕಾಫಿಯ ನೆಪದಲ್ಲಿ ಏಳುತ್ತಿದ್ದರು.
"ಬಂದಳಪ್ಪ, ಬಿಲದ ರನ್ವಾ."
ಅಡ್ಡಹೆಸರು ನನಗೆ ಹಿತವಾಗೇ ಇತ್ತು.

ಅಕ್ಕನಿಗೆ ಹೆರಿಗೆಯಾದದ್ದು ದೋಣಿಯಲ್ಲಿ,
ಗಾಳಿ ಇಳಿಯಲೆಂದು ಮೂರು ದಿನ ಕಾದು
ಇನ್ನು ಕಾಯಲಾರದೆ ಹೊರಟ ದೋಣಿಯಲ್ಲಿ.
ಮಗು ಉಳಿಯಿತು.
ಇದನ್ನು ನಾನು ಯಾವ ಅರ್ಜಿಯಲ್ಲೂ ಬರೆದವಳಲ್ಲ.
ಬರೆದದ್ದು ಬಂಡೆಯ ಗಟ್ಟಿತನ, ಇಳಿಜಾರಿನ ಲೆಕ್ಕ,
ಮೀನಿನ ಲಾರಿಗಳಿಗೆ ಉಳಿಯುವ ಗಂಟೆ.

ಎರಡು ಕಡೆಯಿಂದ ಕೊರೆದು ಬಂದವರು ನಡುವೆ ಕೂಡಿದಾಗ
ತಪ್ಪಿದ್ದು ನಾಲ್ಕು ಬೆರಳು, ಅಷ್ಟೇ.
ತೂತಿನೊಳಗೆ ಕೈ ಹಾಕಿದೆ. ಆಚೆಯಿಂದ ಯಾರದೋ ಕೈ,
ಬೆವರು, ಗ್ರೀಸು, ಬಿಸಿ,
ಗಟ್ಟಿಯಾಗಿ ಹಿಡಿದುಕೊಂಡಿತು.
ಅದಕ್ಕಿಂತ ಹೆಚ್ಚಿನದನ್ನು ನಾನು ಬೇಡಿರಲಿಲ್ಲ.

ರಿಬ್ಬನ್ನು, ಭಾಷಣ, ಒಣಗಿಸಿದ ಕುರಿಮಾಂಸ.
ಮರುವಾರ ನಿವೃತ್ತಿ. ಗೋಡೆ ಗಡಿಯಾರ ಕೊಟ್ಟರು,
ಹೊತ್ತು ಹೋಗದವಳಿಗೆ.

ಮದುವೆ ಮುಗಿದ ಮನೆಯ ಮರುದಿನ ನೋಡಿದ್ದೀರಲ್ಲ,
ರಾಶಿ ತಟ್ಟೆ, ಯಾರದೂ ಅಲ್ಲದ ಒಂದು ಟೋಪಿ.
ಹಾಗಿತ್ತು ಆ ಚಳಿಗಾಲ.
ಸ್ವೆಟರು ಹೆಣೆದೆ; ಒಂದು ತೋಳು ನಾಲ್ಕು ಬೆರಳು ಉದ್ದ.
ಕಿಟಕಿಯಲ್ಲಿ ಕೂತು ಸುರಂಗದ ಬಾಯಿ ಕಾಯ್ದೆ:
ಹೋದ ಕಾರು ಎಷ್ಟು, ಬಂದದ್ದೆಷ್ಟು.
ಲೆಕ್ಕ ತಾಳೆಯಾಗುತ್ತಿತ್ತು. ತಾಳೆಯಾದ ಮೇಲೆ
ಇನ್ನೂ ಸಂಜೆಯಾಗಿರುತ್ತಿರಲಿಲ್ಲ.

ಮಾರ್ಚಿಯಲ್ಲಿ ಹ್ಯಾಲ್ಗ್ರಿಮ್ ಬಾಗಿಲು ತಟ್ಟಿದ.
ನಾಲ್ವತ್ತು ವರ್ಷ ದೋಣಿ ನಡೆಸಿದವನು;
ಆ ದೋಣಿಯ ಅನ್ನ ಕಿತ್ತವಳು ನಾನು.
ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು,
"ಊಲುವಾಳ ಕಣ್ಣಿಗೆ ಪೊರೆ. ಆಸ್ಪತ್ರೆ ಆಚೆ.
ಅವಳಿಗೆ ಬಿಲ ಅಂದರೆ ಹೆದರಿಕೆ.
ದೋಣಿ ನಿಲ್ಲಿಸಿದವಳು ನೀನು. ಈಗ ಹೇಳು."

ಹೇಳಲು ಏನಿತ್ತು? ನನ್ನ ನಕ್ಷೆಗಳಲ್ಲಿ
ನೀರಿನ ಒತ್ತಡಕ್ಕೆ ಜಾಗವಿತ್ತು, ಹೆದರಿಕೆಗೆ ಇರಲಿಲ್ಲ.
ಕೋಟು ಹಾಕಿಕೊಂಡು ಅವನ ಪಕ್ಕದ ಸೀಟಿನಲ್ಲಿ ಕೂತೆ.

ಊಲುವಾ ಹಿಂದೆ ನಿರಾಳವಾಗಿ ಹೆಣೆಯುತ್ತಿದ್ದಳು,
ಕಣ್ಣಿಲ್ಲದೆಯೂ ಕುಣಿಕೆ ತಪ್ಪದೆ.
ನಡುಗುತ್ತಿದ್ದದ್ದು ಸ್ಟಿಯರಿಂಗ್ ಮೇಲಿನ ಕೈ.

ನಾನು ನೋಡಿಯೂ ನೋಡದವಳಂತೆ ಶುರುಮಾಡಿದೆ:
ಇಲ್ಲಿ ಒಂದು ಸೆಲೆ ಸಿಕ್ಕಿತು ನೋಡು, ಸಿಹಿನೀರು,
ಅದರಲ್ಲೇ ಎರಡು ವಾರ ಕಾಫಿ ಕಾಸಿಕೊಂಡೆವು.
ಇಲ್ಲಿ ಬಾರ್ದುರ್ ಮದುವೆಯುಂಗುರ ಕಳೆದ,
ಸಿಮೆಂಟಿನೊಳಗಿದೆ, ಅವನ ಹೆಂಡತಿಗೆ ಹೇಳೀಯೆ.
ಇಲ್ಲಿ ಬಂಡೆ ಕೆಂಪು. ಹಳೆಯ ಬೆಂಕಿ.
ಅವನ ಉಸಿರು ಒಂದೊಂದೇ ಗೇರು ಇಳಿಯಿತು.

ಎಲ್ಲಕ್ಕಿಂತ ತಗ್ಗಿನಲ್ಲಿ, ದೀಪ ನೀಲಿಯಾಗುವಲ್ಲಿ,
"ಮೇಲೆ ಯಾವ ನೀರು?" ಎಂದ, ಹಳೆಯ ಕ್ಯಾಪ್ಟನ್ ದನಿಯಲ್ಲಿ.
"ನೀನು ಎಡಕ್ಕೆ ತಿರುಗಿಸುತ್ತಿದ್ದೆಯಲ್ಲ, ಆ ಸುಳಿ."
ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.
ಆ ರಾತ್ರಿಯ ದೋಣಿಯೂ ಅವನದೇ.
ಇಬ್ಬರೂ ಹೆಸರೆತ್ತಲಿಲ್ಲ.
ಹಿಂದೆ ಕಡ್ಡಿಗೆ ಕಡ್ಡಿ ತಗಲುವ ಸದ್ದು ಮಾತ್ರ,
ಬೆಳಕು ಬರುವವರೆಗೆ.

ಈಗ ಮಂಗಳವಾರ, ಶುಕ್ರವಾರ. ಏಳು ಜನ.
ಬೆಟ್ಟದಂಥ ಲಾರಿ ಹುಡುಗನೊಬ್ಬ ಇದ್ದಾನೆ,
ಯಾರಿಗೂ ಹೇಳಬೇಡಿ ಅಂತ ಮೊದಲೇ ಆಣೆ ಹಾಕಿಸಿಕೊಂಡ.
ಕೂಲಿ: ಮೊಟ್ಟೆ, ರುಬಾರ್ಬಿನ ಜಾಮು, ಒಮ್ಮೆ ಒಂದು ಬಾತು.
ಬಾರ್ದುರನ ಉಂಗುರ ಪ್ರತಿ ಸಲ ಬೇರೆ ಗೋಡೆಯಲ್ಲಿ ಸಿಗುತ್ತದೆ,
ಹೆದರಿಕೆ ಎಲ್ಲಿ ಏಳುತ್ತದೋ ಅಲ್ಲಿ.

ಸುರಂಗಕ್ಕೆ ಏಳೇ ನಿಮಿಷ.
ಸಾಲದು ಅನ್ನಿಸಿದ ದಿನ
ಸ್ವಲ್ಪ ನಿಧಾನ ಓಡಿಸಿ, ಎನ್ನುತ್ತೇನೆ.